ಮೊಸರಿನ ವಾಸನೆ

ಹನೂರಿನ ಆಚೆ, ಕಾಡಂಚಿನ ಊರೊಂದರಲ್ಲಿ ನಾನು ನರ್ಸಾಗಿದ್ದಾಗ ಮೊಸರು ತರುತ್ತಿದ್ದ ಹೆಂಗಸಿನ ಹಿಂದೆ ಒಂದು ಕಂದು ನಾಯಿ ಬರುತ್ತಿತ್ತು. ಮಡಕೆಯನ್ನು ಎಡಗಂಕುಳಲ್ಲಿ ಅವುಚಿಕೊಂಡು ಬಂದು ಜಗಲಿಯ ಮೇಲೆ ಕೂರುವಳು. ಅಳೆದ ಮೇಲೂ ಒಂದು ಚಿಪ್ಪು ಕೊಸರು ಹಾಕದೆ ಏಳುತ್ತಿರಲಿಲ್ಲ.

ಅವಳು ಕೂತೊಡನೆ ನಾಯಿ ಅವಳ ಎಡ ಎದೆಗೆ ಮೂತಿ ಒತ್ತಿ ಮೂಸುತ್ತಿತ್ತು. ಮೊಣಕೈಯಿಂದ ತಳ್ಳಿ, "ಮೊಸ್ರು ವಾಸ್ನ ಕಣವ್ವ, ಅದ್ಕ" ಎನ್ನುವಳು. ದಿನವೂ ಅದೇ ಮಾತು. ಮಡಕೆಯನ್ನು ಬಲಗಡೆಗೆ ಬದಲಾಯಿಸಿದಳು, ಸೀಗೆಪುಡಿ ಹಾಕಿ ರವಿಕೆ ಒಗೆದಳು. ನಾಯಿ ಎಡಕ್ಕೇ ಬಂತು.

ಒಂದು ದಿನ ನಾನು ತಟ್ಟೆಗೆ ಮೊಸರು ಹಾಕಿ ನಾಯಿಯ ಮುಂದಿಟ್ಟೆ. ಅದು ನೆಕ್ಕಿಯೂ ನೋಡಲಿಲ್ಲ. ಅವಳ ಎದೆಯನ್ನೇ ಮೂಸಿ ಕುಂಯ್‌ಗುಟ್ಟಿತು.

"ನನ್ ಮೈಗಂಟಿರೋ ಮೊಸ್ರೇ ಬೇಕಂತ ಇದ್ಕ" ಎಂದು ನಕ್ಕಳು. ಎದೆಯಲ್ಲಿ ಗಂಟಿದೆಯಾ ಮುಟ್ಟಿ ನೋಡಿಕೊಳ್ಳಿ ಅಂತ ಮನೆಮನೆಗೆ ಹೇಳಿಬರುವುದು ನನ್ನ ಕೆಲಸ. ನಾನೂ ನಕ್ಕೆ.

ಮಳೆಗಾಲ ಮುಗಿಯುವ ಹೊತ್ತಿಗೆ ಗಂಟು ಅವಳ ಕೈಗೇ ಸಿಕ್ಕಿತು. ಮೈಸೂರಿನಲ್ಲಿ ಡಾಕ್ಟರು ತಡವಾಯಿತು ಅಂದರು.

ನೋಡಲು ಹೋದಾಗ ಮಲಗಿದ್ದಲ್ಲಿಂದಲೇ ಕೇಳಿದಳು: "ನಾಯ್ಗ ಗೊತ್ತಿತ್ತಾ, ನರ್ಸಮ್ಮ?"

ಅದು ಮಂಚದ ಕೆಳಗೇ ಮಲಗಿತ್ತು.

"ಇಲ್ಲ ಕಣವ್ವ," ಎಂದೆ. "ಮೊಸರಿನ ವಾಸನೆ, ಅದಕ್ಕೆ."