ಪ್ರೇಮವ್ವನಿಗೆ ಬಿದ್ದ ವನ್ಸ್ ಮೋರ್

ರಾಣೆಬೆನ್ನೂರಿನ ಪ್ರೇಮವ್ವ ಪ್ರಾಯದಿಂದ ಮುಪ್ಪಿನ ತನಕ ಕಂಪನಿ ನಾಟಕಗಳಲ್ಲಿ ಜನರನ್ನು ನಗಿಸಿದಳು. ಅವಳದು ಬಾಯಿಬಡಕಿಯ ಪಾತ್ರ. ಸೆರಗು ಸೊಂಟಕ್ಕೆ ಸಿಗಿಸಿ, ಕಣ್ಣು ಹೊಡೆದು, "ನಮ್ಮನಿಯವ್ರಿಗೆ ಹೇಳಬ್ಯಾಡ್ರಿ ಮತ್ತ!" ಅಂದರೆ ಸಾಕು, ಕುರ್ಚಿಯ ಗೌಡರಿಂದ ಹಿಡಿದು ನೆಲದವರ ತನಕ ಸೀಟಿ. ಆ ಒಂದು ಮಾತು ಅವಳಿಗೆ ಅನ್ನ ಹಾಕಿತು, ಖರೆ. ಆದರೆ ಸಂತೆಯಲ್ಲಿ ಬದನೆಕಾಯಿ ಮಾರುವವನೂ ಅದೇ ಮಾತಂದು ಹಲ್ಲು ಕಿಸಿಯುತ್ತಿದ್ದ. ಗಂಡನ ಮಣ್ಣಿಗೆ ಬಂದವನೊಬ್ಬ ಅವಳ ಮೋರೆ ನೋಡಿ, ನಗು ತಡೆಯಲಾರದೆ ಎದ್ದು ಹೊರಗೆ ಹೋಗಿದ್ದ. ಅದು ಅವಳ ಎದೆಯಲ್ಲಿ ಮುಳ್ಳಾಗಿ ಉಳಿದಿತ್ತು. ಸಾಯುವುದರೊಳಗೆ ಒಂದು ಸಲವಾದರೂ ತಾನು ರಂಗದ ಮೇಲೆ ನಿಂತಾಗ ಜನ ನಗಬಾರದು, ಅದೊಂದೇ ಅವಳ ಹಂಬಲ.

ಎರಡು ಸಾವಿರದ ಆರನೇ ಇಸವಿಯಲ್ಲಿ ಹಾವೇರಿಯ ಸದಾಶಿವ ಮಾಸ್ತರ ಅವಳ ಬಾಗಿಲಿಗೆ ಬಂದ. ಅವನು ಓದಿದ್ದು ಹೊರದೇಶದ ಒಂದು ದೊಡ್ಡ ಕಾದಂಬರಿಯಂತೆ. ನೆಲ ಕಳಕೊಂಡ ಮನೆತನವೊಂದು ಹಳೇ ಲಾರಿಯಲ್ಲಿ ಪಾತ್ರೆ-ಪಡಗ ಹೇರಿಕೊಂಡು ಕೂಲಿ ಹುಡುಕುತ್ತ ಗುಳೆ ಹೋಗುವ ಕಥೆ. ಅದನ್ನು ಈ ಸೀಮೆಗೆ ಒಗ್ಗಿಸಿ ನಾಟಕ ಮಾಡಿ ಊರೂರು ತಿರುಗುವವನಿದ್ದ.

"ಅಕ್ಕಾರ, ತಾಯಿ ಪಾತ್ರ ನಿಮ್ದು. ಗಂಟು ಹೊತ್ತು ಹೊಸ್ತಿಲದಾಗ ನಿಲ್ತೀರಿ. ಮಾತಿಲ್ಲ, ಕಣ್ಣೀರಿಲ್ಲ."

"ಹಾಸ್ಯ ಇಲ್ಲಂತ ಎದಿ ಮುಟ್ಟಿ ಹೇಳ್ರಿ."

ಮಾಸ್ತರ ಎದೆ ಮುಟ್ಟಿ ಹೇಳಿದ.

ಮೊದಲ ಆಟ ಹಾವೇರಿಯಲ್ಲಿ. ಬಂದವರೆಲ್ಲ ಕಚೇರಿಯವರು. ಅವಳು ಗಂಟು ಹೊತ್ತು ನಿಂತಾಗ ಯಾರೂ ನಗಲಿಲ್ಲ, ನೋಡಲೂ ಇಲ್ಲ. ಒಬ್ಬ ಸಾಹೇಬ ಮೊಬೈಲಿನಲ್ಲಿ, "ಹಾಂ, ನಾಟಕದಾಗ ಅದೀನಿ, ಅಡ್ಡಿಯಿಲ್ಲ ಹೇಳ್ರಿ" ಎಂದು ತನ್ನ ಸೈಟಿನ ಕಥೆ ಬಿಚ್ಚಿದ.

ರಾಣೆಬೆನ್ನೂರಿನಲ್ಲಿ ಖರ್ಚು ಹೊತ್ತ ಬೀಜದ ವ್ಯಾಪಾರಿ ನಾಟಕದ ಲಾರಿಗೇ ತನ್ನ ಬ್ಯಾನರು ಕಟ್ಟಿಸಿದ: 'ಭರ್ಜರಿ ಇಳುವರಿ!' ಉಪವಾಸ ಬಿದ್ದವರ ಬಂಡಿಯ ಮೇಲೆ! ಹೆಣದ ಹಣೆಗೆ ಅಂಗಡಿ ಚೀಟಿ ಅಂಟಿಸಿದ ಹಾಗೆ. ಸಾಲದ್ದಕ್ಕೆ ದಾರಿಯಲ್ಲಿ ಸಾಯುವ ಅಜ್ಜನ ಪಾತ್ರದ ಗೋಣೆಪ್ಪ ಪ್ರಾಣ ಬಿಡುತ್ತಲೇ ಮಂದಿ "ವನ್ಸ್ ಮೋರ್!" ಎಂದು ಕೂಗಿತು. ಗೋಣೆಪ್ಪ ಹಳೇ ಕಂಪನಿಯ ರೂಢಿಯಂತೆ ಎದ್ದ, ಧೋತರದ ಧೂಳು ಕೊಡವಿದ, ಕೈ ಮುಗಿದ, ಒಂದು ಹಾಡು ಸೇರಿಸಿ ಮತ್ತೆ ಸತ್ತ.

"ಸತ್ತಾಂವ ಎದ್ದು ನಿಂತೆಲ್ಲ, ನಾಚಿಕಿ ಬರಲಿಲ್ಲೇನೋ ಅಣ್ಣಾ?" ಎಂದು ಪ್ರೇಮವ್ವ ಪರದೆಯ ಹಿಂದೆ ಹರಿಹಾಯ್ದಳು.

"ಏನ್ ಮಾಡ್ಲಿ ತಂಗಿ, ಎಷ್ಟೋ ವರ್ಷದ ಮ್ಯಾಲ ಇವತ್ತ ಚೊಲೋ ಸತ್ತಿದ್ದೆ. ಮಂದಿ ಕೇಳಿದ್ರು, ಇನ್ನೊಮ್ಮೆ ಸತ್ತೆ."

 ಬ್ಯಾಡಗಿಯ ಆಟವೊಂದು ಉಳಿದಿದೆಯಲ್ಲ ಎಂದು ಅವಳು ಹಲ್ಲು ಕಚ್ಚಿದಳು.

ಬ್ಯಾಡಗಿಯ ಆಟ ಇಳಿಹೊತ್ತಿಗೆ, ಮೆಣಸಿನಕಾಯಿ ಪೇಟೆಯ ಬಯಲಲ್ಲಿ. ಸುತ್ತ ಚೀಲಗಳ ಗುಡ್ಡ. ಜನ ಕಣ್ಣು ಒರೆಸಿಕೊಳ್ಳುವುದನ್ನು ಕಂಡು ಮಾಸ್ತರ ಉಬ್ಬಿದ.

"ನೋಡ್ರಿ ಅಕ್ಕಾರ, ಮಂದಿ ಹೆಂಗ ಅಳಾಕತ್ತೇತಿ!"

"ಪರದೆ ಇನ್ನೂ ಎದ್ದಿಲ್ಲ ಮಾಸ್ತರ. ಅದು ಮೆಣಸಿನಕಾಯಿ ಘಾಟು."

ಅವಳು ಗಂಟು ಹೊತ್ತು ಹೊಸ್ತಿಲದಲ್ಲಿ ನಿಂತಳು. ಬಯಲು ತಣ್ಣಗಾಯಿತು. ಇನ್ನೇನು ಬಯಸಿದ್ದು ಕೈಗೆ ಬಂತು ಅನ್ನುವಷ್ಟರಲ್ಲಿ ಮುಂದಿನ ಸಾಲಿನಿಂದ ಒಬ್ಬ ಚೀರಿದ:

"ಏ, ಇಕಿ ನಮ್ಮ 'ಹೇಳಬ್ಯಾಡ್ರಿ' ಪ್ರೇಮವ್ವ ಅಲ್ಲೇನಲೇ!"

ನಗೆ ಹುಲ್ಲಿನ ಬಣವೆಗೆ ಬಿದ್ದ ಬೆಂಕಿಯಂತೆ ಹಬ್ಬಿತು. ಸೀಟಿ ಬಿತ್ತು. "ಆ ಮಾತ ಅನ್ನು ಯವ್ವಾ, ಒಮ್ಮೆ ಅನ್ನು!" ಪಕ್ಕದ ಪರದೆಯ ಸಂದಿನಲ್ಲಿ ಸದಾಶಿವ ಮಾಸ್ತರ ಕಂಡ. ಅಂದು ಎದೆ ಮುಟ್ಟಿದ ಕೈಗಳನ್ನೇ ಈಗ ಜೋಡಿಸಿದ್ದ. "ಅಂದುಬಿಡ್ರಿ ಅಕ್ಕಾರ, ಒಂದ ಸಲ. ಮಂದಿ ಖುಷಿ ಆಗ್ತೇತಿ."

ಪ್ರೇಮವ್ವ ಮಾಸ್ತರನನ್ನು ನೋಡಿದಳು, ಮಂದಿಯನ್ನು ನೋಡಿದಳು.

"ಥೂ!" ಎಂದು ಹೊಸ್ತಿಲದ ಮೇಲೆ ಉಗುಳಿದಳು.

ನಗೆ ಫಕ್ಕನೆ ನಿಂತಿತು. ಊರು ಬಿಡುವ ತಾಯಿ ಊರಿಗೇ ಉಗುಳಿದಳೆಂದು ತಿಳಿದ ಮಂದಿ ಎದ್ದು ನಿಂತು ಚಪ್ಪಾಳೆ ತಟ್ಟಿತು. "ವನ್ಸ್ ಮೋರ್! ಇನ್ನೊಮ್ಮೆ ಉಗುಳವಾ!"

ಅವಳು ಗಂಟು ಹೊತ್ತೇ ರಂಗದ ಮೆಟ್ಟಿಲು ಇಳಿದು ಮಂದಿಯ ನಡುವೆಯೇ ಹೊರಟಳು. ಇದೂ ಆಟವೇ ಎಂದು ಜನ ಕಾಲು ಸರಿಸಿ ದಾರಿ ಬಿಟ್ಟರು, ಕೆಲವರು ಕೈ ಮುಗಿದರು.

ಬಸ್‌ಸ್ಟ್ಯಾಂಡಿಗೆ ಗೋಣೆಪ್ಪ ಅಂಟಿಸಿದ ಗಡ್ಡ ಓರೆಯಾಗಿ ಏದುಸಿರು ಬಿಡುತ್ತ ಓಡಿಬಂದ. "ತಂಗಿ, ಬಾ ಲಗೂನ! ಮಂದಿ ಇನ್ನೂ ಕೂಗಾಕತ್ತೇತಿ. ಒಬ್ಬರೂ ನಗಲಿಲ್ಲ, ನೋಡಿದೇನು?"

"ನೋಡಿದ್ನೆಪಾ. ಅದಕ್ಕ ಹೇಸಿಗಿ ಬಂತು. ಜೀವಮಾನದಾಗ ಒಂದು ಖರೇ ಮಾತು ಉಗುಳಿದೆ, ಅದನ್ನೂ ಆಟ ಅಂದ್ರು."

ರಾಣೆಬೆನ್ನೂರಿನ ಬಸ್ಸು ಬಂತು. ಅವಳು ಗಂಟನ್ನು ಅವನ ತಲೆಯ ಮೇಲೆ ಇಟ್ಟಳು.

"ಮತ್ತ ತಾಯಿ ಪಾತ್ರ ಯಾರು ಮಾಡೂದು?"

"ನೀನ ಮಾಡು. ಒಮ್ಮೆ ಸತ್ತ ಮ್ಯಾಲ ನಿನಗ ಬ್ಯಾರೆ ಏನು ಕೆಲಸೈತಿ?" ಎಂದು ಬಸ್ಸು ಹತ್ತಿದಳು.