ಮೊಮ್ಮಗಳನ್ನು ಅಮ್ಮಾ ಎಂದವನು

ಹೊಲಿಗೆ ಮಿಷನ್ ರಿಪೇರಿ ಮಾಡುವವನಿಗೆ ತಾಳ್ಮೆ ಇರಬೇಕು ಎನ್ನುತ್ತಾರೆ. ಸುಳ್ಳು. ಈ ಮನುಷ್ಯನಿಗೆ ಅದು ಎಳ್ಳಷ್ಟೂ ಇರಲಿಲ್ಲ. ಆದರೂ ಅವನ ಕೈಗೆ ಬಂದ ಮಿಷನ್ ಕೆಟ್ಟ ಹಾಗೇ ವಾಪಸು ಹೋದದ್ದಿಲ್ಲ. ದಾರ ಕಡಿಯುವ ಮಿಷನ್ನಿಗೂ ಬೈಯುತ್ತಿದ್ದ, ಅದನ್ನು ಹೊತ್ತು ತಂದವರಿಗೂ ಬೈಯುತ್ತಿದ್ದ. ಬೀದಿಯವರು ಅವನಿಗಿಟ್ಟ ಹೆಸರು ಸಿಡಿಗುಂಡು.

ಇಂಥವನು ತಲೆಯೆಲ್ಲ ನರೆತ ಮೇಲೆ ಫ್ರೆಂಚ್ ಕಲಿಯಲು ಹೊರಟ. ಬೀದಿ ನಕ್ಕಿತು. ನಗಲಿ, ನಗುವವರಿಗೇನು ಗೊತ್ತು? ಅವನ ಒಬ್ಬಳೇ ಮಗಳು ದೂರದೇಶದಲ್ಲಿ ಅಲ್ಲಿಯವನನ್ನೇ ಕಟ್ಟಿಕೊಂಡು, ಅಲ್ಲೇ ಹೆತ್ತು, ಅಲ್ಲೇ ಕಾಯಿಲೆ ಬಿದ್ದು ಕಣ್ಣು ಮುಚ್ಚಿದ್ದಳು. ಉಳಿದದ್ದು ಐದು ವರ್ಷದ ಒಂದು ಹೆಣ್ಣುಕೂಸು. ಮಗಳಿದ್ದಾಗ ನಡುವೆ ಕೂತು ಇತ್ತಲ ಮಾತನ್ನು ಅತ್ತ, ಅತ್ತಲದನ್ನು ಇತ್ತ ದಾಟಿಸುತ್ತಿದ್ದಳು. ಈಗ ಭಾನುವಾರ ಫೋನಿನಲ್ಲಿ ಮುಖ ಕಾಣುತ್ತಿತ್ತು, ಮಾತಿಲ್ಲ. ಇವರು ಕೈ ಬೀಸುವುದು, ಅದು ಕೈ ಬೀಸುವುದು. ಹೊರಟ ಬಸ್ಸಿನ ಹತ್ತಿರ ನಿಂತ ಹಾಗೆ. ಒಂದು ವಾರ ಮಗು ಆಕಳಿಸಿ ಎದ್ದುಹೋಯಿತು.

"ಹೀಗೇ ಆದ್ರೆ ನಾವು ಯಾರು ಅಂತಾನೇ ಮರೆತುಬಿಡುತ್ತೆ ಕಣೇ," ಎಂದು ಹೆಂಡತಿಗೆ ಹೇಳಿದ. ಮರುದಿನವೇ ಸಂಜೆ ಕ್ಲಾಸಿಗೆ ಸೇರಿದ.

ಕ್ಲಾಸು ಔಷಧಿ ಅಂಗಡಿಯ ಮಹಡಿ ಮೇಲೆ. ಕಾಲೇಜು ಓದುವವರ ನಡುವೆ ವಯಸ್ಸಾದವರೆಂದರೆ ಇವನು, ಹೊರದೇಶದ ಕೆಲಸಕ್ಕೆ ತಯಾರಾಗುತ್ತಿದ್ದ ಆಸ್ಪತ್ರೆಯ ನರ್ಸಮ್ಮ, ಮತ್ತೊಬ್ಬ ಬೇಕರಿಯವನು. ನಿನಗ್ಯಾಕೆ ಬೇಕಿತ್ತು ಎಂದರೆ ಬೇಕರಿಯವನು, "ನನ್ನ ಬ್ರೆಡ್ಡಿಗೆಲ್ಲ ಅವರ ಹೆಸರೇ ಇಟ್ಟಿದೀನಿ, ಒಂದನ್ನೂ ಕರೆಯೋಕೆ ಬರಲ್ಲ. ಹೆತ್ತವರೇ ತೊದಲಿದ್ರೆ ಹೇಗೆ?" ಎನ್ನುತ್ತಿದ್ದ.

ಹಾಳು ಭಾಷೆ. ಬರೆಯುವುದು ಗೇಣುದ್ದ, ಓದುವುದು ಬೆರಳುದ್ದ. ಮಿಕ್ಕ ಅಕ್ಷರಗಳೆಲ್ಲ ಉಂಡು ಮಲಗುವ ನೆಂಟರು. ಸಿಡಿಗುಂಡು ತುಟಿ ಮುಂದೆ ಮಾಡಿ ಒಂದು ಸ್ವರ ಹೇಳಲು ಹೆಣಗುತ್ತಿದ್ದಾಗ ಬೇಕರಿಯವನು, "ಮಾವ, ಒಲೆ ಊದ್ತಾ ಇದೀರಾ?" ಎಂದ. ಕ್ಲಾಸೆಲ್ಲ ಗೊಳ್ಳೆಂದಿತು. ಇವನು ಚೀಲ ಎತ್ತಿಕೊಂಡು ದಡದಡ ಮೆಟ್ಟಿಲಿಳಿದ.

ಮರುದಿನ ಬೇಕರಿಯವನು ಹೆಂಡತಿಯ ಮಿಷನ್ನನ್ನು ಹೆಗಲ ಮೇಲೆ ಹೊತ್ತು ಅಂಗಡಿಗೆ ಬಂದ.

"ಏನಾಗಿದೆ ಇದಕ್ಕೆ?"

"ಏನೂ ಆಗಿಲ್ಲ ಮಾವ. ಬರಿಗೈಲಿ ಬಂದ್ರೆ ಒದೀತೀರಿ ಅಂತ ತಂದೆ."

ಸಿಡಿಗುಂಡು ಬೈಯದೆ ಎಣ್ಣೆ ಹಾಕಿ ಕೊಟ್ಟ. ಅಲ್ಲಿಂದಾಚೆಗೆ ಕ್ಲಾಸು ಬಿಟ್ಟ ಕೂಡಲೇ ಮೂವರೂ ಬೇಕರಿಯ ಹಿಂದಿನ ಕೋಣೆಯಲ್ಲಿ ಮೈದಾಹಿಟ್ಟಿನ ಮೂಟೆಗಳ ಮೇಲೆ ಕೂತು ಪಾಠ ಒಪ್ಪಿಸುತ್ತಿದ್ದರು. ತಪ್ಪಿದವರಿಗೆ ಬೆಳಗಿನ ಒಣಬನ್ನು, ಸರಿ ಹೇಳಿದವರಿಗೆ ಬಿಸಿಯದು. ಇವನು ಒಣಗಿದ್ದನ್ನೇ ತಿಂದ. ಮಗಳ ವಿಷಯ ಅವರಿಗೆ ಹೇಳಿದ್ದು ಇಷ್ಟೇ: "ನಮ್ಮ ಹುಡುಗಿ ಈಗಿಲ್ಲ." ಅವರೂ ಕೆದಕಲಿಲ್ಲ. ಇದಕ್ಕಿಂತ ಬಿಚ್ಚಿ ಅವನು ಹೆಂಡತಿಯ ಹತ್ತಿರವೂ ಆಡಿದವನಲ್ಲ.

ಒಂದು ಭಾನುವಾರ ಗಟ್ಟಿಮನಸ್ಸು ಮಾಡಿ ಫೋನು ಹಿಡಿದ. "ಸಾ ವಾ, ಮಮಾಂ?" ಎಂದ. ಹೇಗಿದ್ದೀಯಮ್ಮಾ ಅಂತ. ತೊಟ್ಟಿಲ ಕೂಸನ್ನೂ ಅಮ್ಮಾ, ತಾಯೀ ಎಂದು ಕರೆಯುವ ಬಾಯಿ ಅದು. ಮಮಾಂ ಎಂದರೆ ಅಮ್ಮ ಅಂತ ಮೊದಲ ವಾರವೇ ಕಲಿತಿದ್ದ. ಜೋಡಿಸಿಬಿಟ್ಟ.

ಮಗುವಿನ ಕಣ್ಣು ಅರಳಿತು. "ಮಮಾಂ ಎ ಲಾ?" ಎಂದು ಕೇಳಿತು. ಮಮಾಂ ತಿಳಿಯಿತು, ಉಳಿದದ್ದು ಸಡಗರದಲ್ಲಿ ಜಾರಿತು. ಮೊಮ್ಮಗಳು ಬಾಯಿಬಿಟ್ಟು ಕೇಳಿದ್ದಕ್ಕೆ ಇಲ್ಲ ಎನ್ನುವ ಅಜ್ಜ ಯಾವನು? "ವಿ, ವಿ," ಹೌದು ಹೌದು ಎಂದ. ಮಗು ಕುಣಿದಾಡಿತು. ಆ ವಾರ ಬೇಕರಿಯವನು ಬಿಸಿ ಬನ್ನಿನ ತಟ್ಟೆಯನ್ನೇ ಮುಂದಿಟ್ಟ.

ಮುಂದಿನ ಭಾನುವಾರ ಮಗು ತಲೆ ಬಾಚಿಸಿಕೊಂಡು, ಒಳ್ಳೆಯ ಫ್ರಾಕು ಹಾಕಿಕೊಂಡು ಕೂತಿತ್ತು. ಅಜ್ಜನ ಮುಖ ನೋಡಲಿಲ್ಲ. ಅವನ ಹೆಗಲಾಚೆ, ಒಳಕೋಣೆಯ ಬಾಗಿಲನ್ನು ನೋಡುತ್ತಿತ್ತು. ಅದೇ ಪ್ರಶ್ನೆ. ಇವನದು ಅದೇ "ವಿ". ಮಗು ಕಾಯಿತು. ಆಮೇಲೆ ಮುಖ ಸಣ್ಣಗಾಗಿ, ಒಮ್ಮೆಗೇ ಕಿರುಚಿ ಅತ್ತಿತು. ಅಳಿಯ ಫೋನು ಕಿತ್ತುಕೊಂಡು, ಇವನ ಮಗಳು ಕಲಿಸಿದ್ದ ನಾಲ್ಕು ಕನ್ನಡದ ಮಾತಿನಲ್ಲಿ ಎರಡನ್ನು ಹೇಳಿದ. "ಬೇಡ ಮಾವ."

ಸಿಡಿಗುಂಡು ಚಪ್ಪಲಿ ಮೆಟ್ಟದೆ ಓಡಿದ. ಬೇಕರಿಯಲ್ಲಿ ಸಿಕ್ಕ ನರ್ಸಮ್ಮನಿಗೆ ಆ ಶಬ್ದಗಳನ್ನು ಕೇಳಿದ ಹಾಗೇ ಒಪ್ಪಿಸಿದ. ಆಕೆಯ ಮುಖ ಇಳಿಯಿತು.

"ಅಮ್ಮ ಅಲ್ಲಿದಾಳಾ ಅಂತ ಕೇಳಿದೆ ಮಗು. ನೀವು ಏನಂದ್ರಿ?"

"ಹೌದು ಅಂದೆ."

ಆಮೇಲೆ ಇವನು ಹಾರಾಡಿದ. ಹೇಳಿಕೊಡಲಿಲ್ಲ ಎಂದು ಆಕೆಗೆ ಬೈದ, ಬನ್ನು ತಿನ್ನಿಸಿ ಉಬ್ಬಿಸಿದೆ ಎಂದು ಬೇಕರಿಯವನಿಗೆ ಬೈದ, ತಟ್ಟೆ ಒದ್ದ. ಬೈಗುಳ ತೀರಿ ಮೂಟೆಯ ಮೇಲೆ ಕುಸಿದಾಗ ನರ್ಸಮ್ಮ ಪಕ್ಕದಲ್ಲಿ ಬಂದು ಕೂತರು.

"ಸರಿ ಮಾಡ್ಬೇಕಾದವರು ನೀವೇ. ಬಾಯಿಬಿಟ್ಟು ಹೇಳ್ಬೇಕು."

"ಹೋದ್ಲು ಅನ್ನೋದು ಕಲಿಸಿಕೊಡಿ."

"ಹೋದ್ಲು ಅನ್ಬೇಡಿ ಅಣ್ಣ. ಹೋದವರು ಬರ್ತಾರೆ ಅಂತ ಮಗು ಕಾಯುತ್ತೆ. ಇನ್ನೊಂದು ಮಾತೇ ಹೇಳ್ಬೇಕು. ಆಸ್ಪತ್ರೇಲಿ ನಾನೂ ಅದನ್ನೇ ಹೇಳೋದು."

ಆ ಮಾತು, "ಮಮಾಂ ಎ ಮೋರ್ತ್". ಅಮ್ಮ ಸತ್ತಿದ್ದಾಳೆ. ಆಕೆ ಒಮ್ಮೆ ಹೇಳಿದರು. ಇವನು ಮೊದಲೆರಡು ಶಬ್ದ ಹೇಳಿ ನಿಂತ. ಮತ್ತೆ ನಿಂತ. ಬೇಕರಿಯವನು, ಓವನ್ ನೋಡಿ ಬರ್ತೀನಿ ಎಂದು ಎದ್ದು ಹೋದ. ಓವನ್ ಆರಿಸಿ ಬಹಳ ಹೊತ್ತಾಗಿತ್ತು.

ನರ್ಸಮ್ಮನೇ ಅಳಿಯನೊಡನೆ ಮಾತಾಡಿ ಒಪ್ಪಿಸಿದರು. ಫೋನಿನಲ್ಲಿ ಮಗು ಬಂತು, ಹಳೆಯ ಅಂಗಿಯಲ್ಲಿ. ಇತ್ತ ಇವನ ಪಕ್ಕದಲ್ಲಿ ಹೆಂಡತಿ ಸೆರಗಿನ ತುದಿ ಹಿಡಿದು ಕೂತಿದ್ದಳು. ಇವನು ಹೇಳಿದ. ಕೊನೆಯ ಶಬ್ದವನ್ನೂ ನುಂಗದೆ ಹೇಳಿದ. ತನ್ನ ಮಾತಿನಲ್ಲಿ ಒಮ್ಮೆಯೂ ಬಾಯಿಂದ ಹೊರಡದಿದ್ದುದು ಮೊದಲ ಸಲ ಆ ಹಾಳು ಭಾಷೆಯಲ್ಲಿ ಹೊರಟಿತು.

ಮಗು ಅವನನ್ನೇ ನೋಡಿತು. ಬಾಗಿಲ ಕಡೆ ನೋಡಲಿಲ್ಲ. "ಜ ಸೆ," ಎಂದಿತು ಮೆಲ್ಲಗೆ. ಯಾರ ಸಹಾಯವೂ ಇಲ್ಲದೆ ಅವನಿಗೆ ಪೂರ್ತಿ ಅರ್ಥವಾಯಿತು.

"ಏನಂತೆ? ಏನಂದ್ಲು?" ಹೆಂಡತಿ ಅವನ ತೋಳು ಅಲುಗಿಸಿದಳು.

"ಗೊತ್ತಂತೆ ಕಣೇ ಅದಕ್ಕೆ," ಎಂದ.