ದೊಡ್ಡವ್ವನನ್ನು ಕರೆತರಲು ದೇವಸಮುದ್ರಕ್ಕೆ

ಚಳ್ಳಕೆರೆಯಲ್ಲಿ ಮೊಳಕಾಲ್ಮೂರಿನ ಬಸ್ಸು ಹತ್ತಿದಾಗ ಇನ್ನೂ ಚಳಿಯಿತ್ತು. ಆಧಾರ್ ತೋರಿಸಿ ಪುಕ್ಕಟೆ ಟಿಕೆಟ್ ಪಡೆದು, ಕಿಟಕಿ ಪಕ್ಕ ಕುಳಿತು, ದೊಡ್ಡವ್ವನನ್ನು ಮನಸ್ಸಿನಲ್ಲೇ ಬೈಯುತ್ತಾ ಹೊರಟೆ. ಅವಳ ಹೊಟ್ಟೆಯಲ್ಲಿ ಗಡ್ಡೆ. ನಾಳೆ ಚಿತ್ರದುರ್ಗದ ಆಸ್ಪತ್ರೆಗೆ ಸೇರಬೇಕು, ತಡವಾದರೆ ಜೀವಕ್ಕೆ ಅಪಾಯ ಎಂದಿದ್ದರು ಡಾಕ್ಟರು. ಅವಳೋ ಫೋನಿನಲ್ಲಿ, "ದೇವ್ರು ಇನ್ನೂ ಹೇಳಿಲ್ಲವ್ವ, ಹೇಳ್ದೆ ನಾನು ಬರಾಕಿಲ್ಲ" ಎಂದು ಇಟ್ಟುಬಿಟ್ಟಿದ್ದಳು.

ದೇವರು ಹೇಳುವುದೆಂದರೆ ಅವಳಿಗೆ ಒಂದೇ ಬಗೆ. ಪ್ರಾರ್ಥನೆ ಮಾಡಿ, ಕಣ್ಣು ಮುಚ್ಚಿ ಬೈಬಲ್ ತೆರೆದು ಬೆರಳಿಡಬೇಕು. ಬೆರಳು ಬಿದ್ದ ಮಾತೇ ಅಪ್ಪಣೆ. ನಮ್ಮ ಮನೆಗಳಲ್ಲಿ ಮದುವೆಗೂ ಹೀಗೆ ನೋಡಿದವರಿದ್ದಾರೆ. ಈಗ ಅವಳ ಕಣ್ಣು ಮಂಜಾಗಿ, ಓದಿ ಹೇಳಲು ಯಾರಾದರೂ ಬೇಕಿತ್ತು.

ಮೊಳಕಾಲ್ಮೂರಿನಲ್ಲಿಳಿದು ಒಗ್ಗರಣೆ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ತಿಂದೆ. ಖಾರಕ್ಕೆ ಕಣ್ಣಲ್ಲಿ ನೀರು ಬಂತು, ಸಿಟ್ಟು ಸ್ವಲ್ಪ ಇಳಿಯಿತು. ದೇವಸಮುದ್ರದ ಬಸ್ಸಿನಲ್ಲಿ ಪಕ್ಕದ ಹೆಂಗಸು ಯಾರ ಮನೆಗೆಂದು ವಿಚಾರಿಸಿದಳು. ಹೇಳಿದೆ; ಆ ಊರಲ್ಲಿ ದೊಡ್ಡವ್ವ ಎಲ್ಲರಿಗೂ ತೆಲುಗಿನ 'ಪೆದ್ದಮ್ಮ'. "ಪೆದ್ದಮ್ಮನ ಮನೀಗಾ? ಉಣ್ಣೆ ನೂಲೋ ಆಯಮ್ಮ ಅಲ್ವಾ? ನಮ್ಮನೇಲಿರೋ ಕಂಬಳಿ ಆಯಮ್ಮನ ನೂಲಿಂದೇ" ಎಂದಳು.

ದೊಡ್ಡವ್ವ ಜಗಲಿಯ ಮೇಲೆ, ರಾಟೆಯನ್ನು ಪಕ್ಕಕ್ಕೆ ಸರಿಸಿ ಕಾದು ಕುಳಿತಿದ್ದಳು. ಕೈಕಾಲು ತೊಳೆದು ಬಂದೆ. ಪ್ರಾರ್ಥನೆ ಮುಗಿಸಿ ಅವಳು ಬೆರಳಿಟ್ಟಳು. ನೋಡುತ್ತೇನೆ, ಹಿಂದಿನ ಕಾಲದಲ್ಲಿ ದೇವರಿಗೆ ಗುಡಾರ ಕಟ್ಟಿದ ವಿವರ! ಗೂಟ, ಪರದೆ, ಹಗ್ಗ. ಇದರಲ್ಲಿ ಆಪರೇಷನ್‌ಗೆ ಅಪ್ಪಣೆ ಎಲ್ಲಿಂದ ತರಲಿ? ಕುರುಬನಂತೆ ಕಾಯುವ ದೇವರ ಕೀರ್ತನೆಯನ್ನು, ಅಲ್ಲೇ ಓದುತ್ತಿರುವವಳಂತೆ, ನೆನಪಿನಿಂದಲೇ ಹೇಳತೊಡಗಿದೆ.

"ಬೆರ್ಳಿಟ್ಟ ಜಾಗ ಓದೇ. ನೀ ಹೇಳ್ತಿರೋದು ನಂಗೂ ಬಾಯಿಪಾಠ ಐತೆ" ಎಂದಳು.

ಓದಿದೆ. ಆ ಗುಡಾರದ ಹೊದಿಕೆಗಾಗಿ, ಮನಸ್ಸು ಬಂದ ಹೆಂಗಸರು ಆಡಿನ ಕೂದಲು ನೂತರು ಎಂಬ ಮಾತು ಅಲ್ಲಿತ್ತು.

"ಇನ್ನೊಂದ್ಸಲ ಓದು."

ಮತ್ತೆ ಓದಿದೆ. ಅವಳು ನೂತು ನೂತು ಜಡ್ಡುಗಟ್ಟಿದ ಬೆರಳನ್ನು ಸವರಿಕೊಳ್ಳುತ್ತಾ ಕುಳಿತಳು.

"ದೇವ್ರು ನೂಲೋರನ್ನೂ ಬರ್ಸವ್ನಾ?"

"ಬರ್ಸವ್ನೆ ದೊಡ್ಡವ್ವ."

"ಇಷ್ಟು ವರ್ಷ ಯಾರೂ ನಂಗೆ ಇದನ್ನ ಓದಿ ಹೇಳಿರ್ಲಿಲ್ಲ. ಕೂದ್ಲೆಳೆ ನೋಡ್ಕಂಡಿರೋನು ನನ್ ಹೊಟ್ಟೆ ನೋಡ್ದೆ ಇರ್ತಾನಾ? ನಡಿ, ಬರ್ತೀನಿ."

"ಭಯ ಹೋಯ್ತಾ?"

"ಭಯ ಐತೆ. ಒಬ್ಳೇ ಅನ್ನೋದು ಹೋಯ್ತು."

ನನಗೆ ಅಳು ಬಂತು. ಅವಳ ಸೀರೆ, ಮಾತ್ರೆಗಳನ್ನು ಚೀಲಕ್ಕೆ ತುಂಬಿದೆ. ಕಂಬಳಿಯನ್ನು ಅವಳೇ ಹೆಗಲಿಗೆ ಹಾಕಿಕೊಂಡಳು.

ಮಧ್ಯಾಹ್ನದ ಬಿಸಿಲಿಗೆ ಬಸ್ಸು ಕಾದಿತ್ತು. ಮೊಳಕಾಲ್ಮೂರು ದಾಟಿದ ಮೇಲೆ ರಸ್ತೆಗೆ ಕುರಿಗಳು ಅಡ್ಡ ಬಂದು ಬಸ್ಸು ನಿಂತಿತು. ನಿದ್ದೆ ಹೋಗಿದ್ದಾಳೆಂದು ನಾನು ಅಂದುಕೊಂಡಿದ್ದ ದೊಡ್ಡವ್ವ ನನ್ನ ಮೊಣಕೈ ತಿವಿದಳು.

"ಆ ನೂತ ಹೆಂಗಸ್ರ ಹೆಸ್ರೇನಂತೆ?"

"ಹೆಸ್ರು ಬರ್ದಿಲ್ಲ ದೊಡ್ಡವ್ವ."

ಕಂಬಳಿಯ ಅಂಚನ್ನು ಬೆರಳಲ್ಲಿ ಹೊಸೆದಳು.

"ಬಿಡು. ಬರ್ಸಿದೋನಿಗೆ ಗೊತ್ತೈತೆ."